ಎಚ್‌ಐವಿ ಇರುವವರ ಗುದದ ಹುಣ್ಣು: ಫಿಶರ್ ಜೊತೆ ಗೊಂದಲ ಬೇಡ

ಎರಡು ದಿನ ಇದೊಂದರಲ್ಲೇ ಸಿಕ್ಕಿಕೊಂಡಿದ್ದೆ. ಈಗ ತಲೆಗೆ ಹತ್ತಿದೆ, ಮರೆಯುವ ಮುಂಚೆ ಬರೆದಿಡುತ್ತೇನೆ.

ಗುದದಲ್ಲಿ ನೋವು, ರಕ್ತ ಅಂದರೆ ರೋಗಿಗಳು ಹೇಳುವುದು 'ಪೈಲ್ಸ್' ಅಂತಲೇ. ಅದನ್ನು ಹಾಗೇ ಕೇಸ್ ಶೀಟಿಗೆ ಇಳಿಸಬಾರದು. ಕೀವಿನ ಬಾವು, ಫಿಸ್ಟುಲಾ (ಗುದದೊಳಗಿಂದ ಹೊರಚರ್ಮಕ್ಕೆ ತೆರೆದ ಕೊಳವೆಯಂಥ ದಾರಿ), ಎಚ್‌ಪಿವಿ ಎಂಬ ವೈರಸ್‌ನ ನರಹುಲಿ, ಹರ್ಪಿಸ್ ವೈರಸ್‌ನ ಹುಣ್ಣು, ಲೈಂಗಿಕ ಸೋಂಕಾದ ಸಿಫಿಲಿಸ್, ಕ್ಯಾನ್ಸರ್ ಯಾವುದೂ ಇರಬಹುದು. ಒಬ್ಬರಲ್ಲೇ ಎರಡು ಮೂರು ಒಟ್ಟಿಗೆ ಇರುವುದೂ ಉಂಟು.

ನಾನು ಎಡವಿದ್ದು ಇಲ್ಲಿ. ಫಿಶರ್, ಅಂದರೆ ಗುದದ ಒಳಪದರದ ಸೀಳು, ಕೂಡ ನೋಯುವ ಗಾಯ, ಎಚ್‌ಐವಿಯ ಹುಣ್ಣೂ ನೋಯುವ ಗಾಯ. ಹಾಗಿದ್ದರೆ ಒಂದೇ ಆಪರೇಷನ್ ಸಾಕಲ್ವಾ?

ಸಾಲದು. ಫಿಶರ್ ಸಾಮಾನ್ಯವಾಗಿ ಹಿಂಭಾಗದ ನಡುಗೆರೆಯಲ್ಲಿ, ಡೆಂಟೇಟ್ ಲೈನಿನ (ಗುದನಾಳದೊಳಗೆ ಮೇಲಿನ, ಕೆಳಗಿನ ಪದರ ಸೇರುವ ಗೆರೆ) ಕೆಳಗೆ ಇರುವ ಸೀಳು. ಗುದವನ್ನು ಮುಚ್ಚಿ ಹಿಡಿಯುವ ಒಳಗಿನ ಸ್ಫಿಂಕ್ಟರ್ ಸ್ನಾಯು ಬಿಗಿದುಕೊಂಡಿರುತ್ತದೆ. ಆ ಬಿಗಿತದಿಂದ ರಕ್ತ ಸರಿಯಾಗಿ ಹರಿಯದೆ ಗಾಯ ಮಾಯುವುದಿಲ್ಲ. ಅದಕ್ಕೇ ಸ್ನಾಯುವನ್ನು ಸ್ವಲ್ಪ ಕತ್ತರಿಸಿ ಸಡಿಲಿಸುತ್ತಾರೆ. ಎಚ್‌ಐವಿಯ ಹುಣ್ಣು ಅಗಲ, ಆಳ. ಹೆಚ್ಚಾಗಿ ಡೆಂಟೇಟ್ ಲೈನಿಗಿಂತ ಮೇಲ್ಗಡೆ ಇರುತ್ತದೆ, ಅಂಚಿನಡಿ ಟೊಳ್ಳು ಚೀಲಗಳಿದ್ದು ಕೀವು, ಮಲ ಸಿಕ್ಕಿಕೊಳ್ಳುತ್ತದೆ. ಅದು ಸ್ನಾಯುವನ್ನೇ ಕೊರೆಯಬಲ್ಲದು, ಹಾಗಾಗಿ ಬಿಗಿ ಕಡಿಮೆ. ಇಲ್ಲಿ ಸ್ನಾಯು ಕತ್ತರಿಸಿದರೆ ಮಲ ಹಿಡಿಯುವ ಶಕ್ತಿಯೇ ಹೋಗಬಹುದು. ಒಬ್ಬರ ಇಡೀ ಬದುಕಿನ ಪ್ರಶ್ನೆ ಇದು.

ನಾನು ಮೂರು ಪದ ಇಟ್ಟುಕೊಂಡಿದ್ದೇನೆ: ಜಾಗ, ಗೆರೆ, ಬಿಗಿ. ನಡುಗೆರೆಯ ಜಾಗದಲ್ಲೇ ಇದೆಯಾ? ಡೆಂಟೇಟ್ ಗೆರೆಯ ಕೆಳಗಾ? ಸ್ನಾಯು ಬಿಗಿಯಾ? ಒಂದಕ್ಕೆ 'ಇಲ್ಲ' ಬಂದರೂ ಫಿಶರ್ ಅನ್ನುವ ಮುಂಚೆ ನಿಲ್ಲಬೇಕು. ನೋವು ಜಾಸ್ತಿ ಇದ್ದರೆ ಅರಿವಳಿಕೆ ಕೊಟ್ಟೇ ನೋಡಬೇಕು. ಹುಣ್ಣಿನ ಅಂಚಿನಿಂದ ಬಯಾಪ್ಸಿ (ಚೂರು ತೆಗೆದು ಪರೀಕ್ಷೆ), ಜೊತೆಗೆ ಹರ್ಪಿಸ್, ಸಿಎಂವಿ ಎಂಬ ಇನ್ನೊಂದು ವೈರಸ್, ಟಿಬಿ, ಸಿಫಿಲಿಸ್‌ಗೆ ಪರೀಕ್ಷೆ. ಎಆರ್‌ಟಿ, ಅಂದರೆ ಎಚ್‌ಐವಿ ತಡೆಯುವ ಔಷಧಿ, ತೆಗೆದುಕೊಳ್ಳುತ್ತಿಲ್ಲದಿದ್ದರೆ ಶುರು ಮಾಡಿಸಬೇಕು. ಎಆರ್‌ಟಿ ಮೇಲೆ ಸಿಡಿ4 (ರೋಗನಿರೋಧಕ ಕಣಗಳ ಎಣಿಕೆ) ಚೆನ್ನಾಗಿದ್ದು ನಿಜವಾದ ಫಿಶರ್ ಇದ್ದರೆ, ಎಲ್ಲರಿಗೂ ಕೊಡುವ ಚಿಕಿತ್ಸೆಯೇ.

ಬಾವು ಇದ್ದರೆ ಸಿಡಿ4 ಎಷ್ಟೇ ಇರಲಿ, ಕಾಯದೆ ಕೀವು ತೆಗೆಯಬೇಕು. ಮಾಯದ ಫಿಸ್ಟುಲಾ ಅಂದರೆ ನಮ್ಮ ದೇಶದಲ್ಲಿ ಟಿಬಿ ನೆನಪಾಗಲೇಬೇಕು. ತಿಂಗಳಿಗಿಂತ ಹೆಚ್ಚು ಉಳಿದ ಹರ್ಪಿಸ್ ಹುಣ್ಣು ಏಡ್ಸ್ ಹಂತದ ಗುರುತು.

ನರಹುಲಿಗೆ ಕಾರಣ ಹೆಚ್ಚಾಗಿ ಎಚ್‌ಪಿವಿಯ 6, 11ನೇ ಬಗೆಗಳು. ಕ್ಯಾನ್ಸರಿಗೆ ಮುಖ್ಯವಾಗಿ 16. ಎಚ್‌ಐವಿ ಇರುವ, 35 ವರ್ಷ ಮತ್ತು ಮೇಲ್ಪಟ್ಟವರ ಮೇಲೆ ಅಮೆರಿಕದಲ್ಲಿ ನಡೆದ ಆಂಕರ್ ಅಧ್ಯಯನದ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಕ್ಯಾನ್ಸರಿಗೆ ಮುಂಚಿನ ತೀವ್ರ ಬದಲಾವಣೆಗೆ ಚಿಕಿತ್ಸೆ ಕೊಟ್ಟಾಗ ಅದು ಕ್ಯಾನ್ಸರ್ ಆಗುವುದು ಶೇ. 57ರಷ್ಟು ಕಡಿಮೆಯಾಯಿತು. ಹಾಗಾಗಿ ವರ್ಷಕ್ಕೊಮ್ಮೆಯಾದರೂ ಗುದದೊಳಗೆ ಬೆರಳಿಟ್ಟು ನೋಡುವ ಪರೀಕ್ಷೆ ಬಿಡಬೇಡಿ. ರೋಗಿ ನಾಚಿಕೆಯಿಂದ ಹೇಳದಿದ್ದರೆ ನಾವೇ ಮೆಲ್ಲಗೆ ಕೇಳಬೇಕು.