ಎರಡು ಕಾಂಪ್ಯಾಕ್ಟ್ ಎಸ್‌ಯುವಿ, ಒಂದೇ ಬಜೆಟ್: ಯಾವುದನ್ನು ಕೊಳ್ಳಲಿ?

ಪ್ರಶ್ನೆ: ಮನೆಯಲ್ಲಿ ನಾಲ್ವರಿದ್ದೇವೆ. ಎರಡು ಕಾಂಪ್ಯಾಕ್ಟ್ ಎಸ್‌ಯುವಿಗಳ ನಡುವೆ ಮನಸ್ಸು ತೂಗಾಡುತ್ತಿದೆ. ಉದ್ದ, ಅಗಲ, ಪವರ್, ಮೈಲೇಜ್ ಎಲ್ಲವೂ ಹೆಚ್ಚುಕಡಿಮೆ ಒಂದೇ. ವಿಡಿಯೊ ನೋಡಿದಷ್ಟೂ ಗೊಂದಲ ಹೆಚ್ಚುತ್ತಿದೆ. ಯಾವುದು ಸರಿ ಎಂದು ತೀರ್ಮಾನಿಸುವುದು ಹೇಗೆ?

ಉತ್ತರ: ಕಾಗದದ ಮೇಲೆ ಎರಡೂ ಒಂದೇ ಥರ ಕಾಣುವುದರಲ್ಲಿ ಆಶ್ಚರ್ಯವಿಲ್ಲ. ಒಂದು ಕಂಪನಿ ಎದುರಾಳಿಯ ಗಾಡಿಯನ್ನು ಮುಂದಿಟ್ಟುಕೊಂಡೇ ತನ್ನದನ್ನು ರೂಪಿಸುತ್ತದೆ. ಬ್ರೋಷರ್‌ನಲ್ಲಿ ಎದ್ದು ಕಾಣುವ ಅಂಕಿಗಳನ್ನಂತೂ ಸರಿಗಟ್ಟಿಯೇ ತೀರುತ್ತದೆ. ವ್ಯತ್ಯಾಸ ಇರುವುದು ಬ್ರೋಷರ್‌ನ ಕೊನೆಯ ಪುಟದ ಸಣ್ಣ ಅಕ್ಷರಗಳಲ್ಲಿ ಮತ್ತು ಗಾಡಿಯೊಳಗೆ ಕೂತಾಗ. ಒಂದು ಸರಳ ಜರಡಿ ಇಟ್ಟುಕೊಳ್ಳಿ. ಕೊಂಡ ಮೇಲೆ ಬದಲಾಯಿಸಲಾಗದ್ದನ್ನು ಮೊದಲು ನೋಡಿ: ಬಾಡಿಯ ಗಟ್ಟಿತನ, ಸೀಟಿನ ಆಕಾರ, ಇಂಜಿನ್, ಗೇರ್‌ಬಾಕ್ಸ್, ಹೊರಗಿನ ನೋಟ ಎಷ್ಟು ಸಿಗುತ್ತದೆ ಎಂಬುದು. ಸ್ಪೀಕರ್, ಸೀಟ್ ಕವರ್, ಡ್ಯಾಶ್‌ಕ್ಯಾಮ್, ರಿವರ್ಸ್ ಕ್ಯಾಮೆರಾ ಇವೆಲ್ಲ ಆಮೇಲೂ ಹಾಕಿಸಿಕೊಳ್ಳಬಹುದಾದವು. ಶೋರೂಮ್‌ನಲ್ಲಿ ಮೊದಲು ತೋರಿಸುವುದು ಮಾತ್ರ ಈ ಎರಡನೇ ಗುಂಪಿನದನ್ನೇ.

ಮಾಡೆಲ್ ಅಲ್ಲ, ವೇರಿಯಂಟ್ ಹೋಲಿಸಿ

ವಿಡಿಯೊಗಳಲ್ಲಿ ಓಡಿಸುವುದು ಬಹುಪಾಲು ಟಾಪ್ ವೇರಿಯಂಟ್. ನೀವು ಕೊಳ್ಳುವುದು ಮಧ್ಯದ್ದಾದರೆ ಆ ಅಭಿಪ್ರಾಯದ ಅರ್ಧ ನಿಮಗೆ ಅನ್ವಯಿಸುವುದಿಲ್ಲ. ನಿಮ್ಮ ಬಜೆಟ್‌ಗೆ ಸಿಗುವ ಒಂದೊಂದು ವೇರಿಯಂಟನ್ನು ಮಾತ್ರ ಅಕ್ಕಪಕ್ಕ ಬರೆದುಕೊಳ್ಳಿ. ಅದರಲ್ಲಿ ಏರ್‌ಬ್ಯಾಗ್ ಎಷ್ಟು, ಇಎಸ್‌ಸಿ (ಗಾಡಿ ಜಾರದಂತೆ ತಾನಾಗಿ ಹಿಡಿತಕ್ಕೆ ತರುವ ವ್ಯವಸ್ಥೆ) ಇದೆಯೇ, ಹಿಂದಿನ ಸೀಟಿನ ನಡುವೆ ಕೂರುವವರಿಗೆ ಮೂರು ಬಿಂದುಗಳ ಬೆಲ್ಟ್ ಮತ್ತು ಹೆಡ್‌ರೆಸ್ಟ್ ಇವೆಯೇ, ಹಿಂದಿನ ಗಾಜಿಗೆ ವೈಪರ್ ಇದೆಯೇ, ಹಿಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕೋ ಡ್ರಮ್ಮೋ ಎಂಬುದನ್ನು ಗುರುತು ಹಾಕಿ. ಹಿಂದಿನ ವೈಪರ್ ಸಣ್ಣ ವಿಷಯ ಅನ್ನಿಸಬಹುದು. ಎಸ್‌ಯುವಿಯ ಬೆನ್ನು ನೆಟ್ಟಗಿರುವುದರಿಂದ ಚಕ್ರ ಎಬ್ಬಿಸಿದ ಕೆಸರು, ದೂಳು ಸುಳಿದು ಬಂದು ನೇರ ಆ ಗಾಜಿಗೇ ಅಂಟಿಕೊಳ್ಳುತ್ತದೆ. ಮಳೆಯಲ್ಲಿ ಹತ್ತು ನಿಮಿಷ ಓಡಿಸಿದರೆ ಅದರ ಬೆಲೆ ಗೊತ್ತಾಗುತ್ತದೆ.

ವೇರಿಯಂಟ್ ಏರಿದಂತೆ ಚಕ್ರದ ರಿಮ್ಮೂ ದೊಡ್ಡದಾಗುತ್ತದೆ. ಇದು ಯಾವಾಗಲೂ ಲಾಭವಲ್ಲ. 215/60 ಆರ್17 (ಅಂದರೆ 215 ಮಿ.ಮೀ. ಅಗಲ, 17 ಇಂಚಿನ ರಿಮ್) ಟೈರಿನ ಪಕ್ಕದ ಗೋಡೆ 215ರ ಶೇ 60, ಅಂದರೆ 129 ಮಿ.ಮೀ. 225/45 ಆರ್19 ಆದರೆ 101 ಮಿ.ಮೀ. ಮಾತ್ರ. ಎರಡರ ಒಟ್ಟು ಎತ್ತರ ಹೆಚ್ಚುಕಡಿಮೆ ಒಂದೇ, ಸುಮಾರು 690 ಮಿ.ಮೀ. ಆದರೆ ಗುಂಡಿಗೆ ಬಿದ್ದಾಗ ಏಟು ತಾಳಿಕೊಳ್ಳುವ ರಬ್ಬರು, ಗಾಳಿ 28 ಮಿ.ಮೀ. ಕಡಿಮೆ. ರಿಮ್ ಬಾಗುವುದು, ಪಕ್ಕದ ಗೋಡೆ ಊದಿಕೊಳ್ಳುವುದು, ಕ್ಯಾಬಿನ್‌ಗೆ ಸದ್ದು ಬರುವುದು ಎಲ್ಲ ಇದರಿಂದಲೇ. ರಸ್ತೆ ಕೆಟ್ಟಿರುವ ಕಡೆ ಓಡಾಡುವವರು ಟಾಪ್ ವೇರಿಯಂಟ್‌ಗಿಂತ ಒಂದು ಮೆಟ್ಟಿಲು ಕೆಳಗಿನದನ್ನು ಕೊಳ್ಳುವುದೇ ಲೇಸು.

ಅಂಕಿಯನ್ನು ಅಳೆದದ್ದು ಹೇಗೆ?

ಒಂದು ಗಾಡಿಯ ಡಿಕ್ಕಿ 380 ಲೀಟರ್, ಇನ್ನೊಂದರದು 430 ಎಂದು ಬರೆದಿದ್ದರೆ ಎರಡನೆಯದೇ ದೊಡ್ಡದು ಎನ್ನುವ ಹಾಗಿಲ್ಲ. ಜರ್ಮನಿಯ ವಾಹನ ಉದ್ಯಮ ಸಂಘದ ವಿಡಿಎ ಪದ್ಧತಿಯಲ್ಲಿ 200×100×50 ಮಿ.ಮೀ. ಅಳತೆಯ ಇಟ್ಟಿಗೆಗಳನ್ನು ಜೋಡಿಸಿ ಎಣಿಸುತ್ತಾರೆ. ಒಂದು ಇಟ್ಟಿಗೆ ಒಂದು ಲೀಟರ್. ಇದು ಸೂಟ್‌ಕೇಸ್ ಹಿಡಿಸುವ ಜಾಗಕ್ಕೆ ಹತ್ತಿರದ ಲೆಕ್ಕ. ಮೂಲೆ ಮುಡುಕನ್ನೆಲ್ಲ ಸೇರಿಸಿದ, ಇಲ್ಲವೇ ಡಿಕ್ಕಿಯ ಮೇಲೆ ಮುಚ್ಚುವ ತಟ್ಟೆಯನ್ನು ದಾಟಿ ಛಾವಣಿಯವರೆಗೆ ತುಂಬಿಸಿದ ಲೆಕ್ಕ ಸಹಜವಾಗಿಯೇ ಹೆಚ್ಚು ಬರುತ್ತದೆ. ಡಿಕ್ಕಿಯ ತಳದಡಿ ಸ್ಟೆಪ್ನಿ ಇಡದೆ ಪಂಕ್ಚರ್ ಕಿಟ್ ಕೊಟ್ಟಿದ್ದರೂ ಲೀಟರ್ ಏರುತ್ತದೆ. ಆ ಕಿಟ್‌ನ ದ್ರಾವಣ ಟೈರಿನ ಮುಖದಲ್ಲಿ ಮೊಳೆ ಚುಚ್ಚಿದ ತೂತನ್ನು ಮುಚ್ಚುತ್ತದೆ, ಪಕ್ಕದ ಗೋಡೆ ಸೀಳಿದರೆ ಕೆಲಸಕ್ಕೆ ಬಾರದು; ಅದಕ್ಕೆ ಎಕ್ಸ್‌ಪೈರಿ ದಿನಾಂಕವೂ ಇರುತ್ತದೆ. ಲೀಟರ್ ಲೆಕ್ಕ ಬಿಟ್ಟು ನಿಮ್ಮ ಮನೆಯ ಎರಡು ದೊಡ್ಡ ಸೂಟ್‌ಕೇಸ್, ಮಗುವಿನ ಸ್ಟ್ರಾಲರ್ ತೆಗೆದುಕೊಂಡು ಹೋಗಿ ಇಟ್ಟು ನೋಡಿ. ಅಂಚು ಎಷ್ಟು ಎತ್ತರದಲ್ಲಿದೆ, ಭಾರವನ್ನು ಎಲ್ಲಿಯವರೆಗೆ ಎತ್ತಬೇಕು ಎಂಬುದು ಆಗಲೇ ತಿಳಿಯುವುದು.

ತೂಕದಲ್ಲೂ ಇಂಥ ಬಲೆ ಇದೆ. ಯುರೋಪಿನ ನಿಯಮದ ಲೆಕ್ಕದಲ್ಲಿ ಗಾಡಿಯ ತೂಕಕ್ಕೆ 75 ಕೆ.ಜಿ. ಚಾಲಕನೂ ಸೇರುತ್ತಾನೆ, ಬೇರೆ ಕಡೆ ಖಾಲಿ ಗಾಡಿಯ ತೂಕವನ್ನೇ ಕೊಡುತ್ತಾರೆ. ನಿಮಗೆ ಬೇಕಾದದ್ದು ಒಟ್ಟು ಅನುಮತಿಸಿದ ತೂಕದಲ್ಲಿ ಗಾಡಿಯ ತೂಕ ಕಳೆದು ಉಳಿಯುವ ಸಂಖ್ಯೆ. 1,680ರಲ್ಲಿ 1,230 ಕಳೆದರೆ 450 ಕೆ.ಜಿ. 1,640ರಲ್ಲಿ 1,290 ಕಳೆದರೆ 350 ಕೆ.ಜಿ. ಐದು ಜನ ದೊಡ್ಡವರು ಕೂತರೆ ಎರಡನೆಯ ಗಾಡಿಯಲ್ಲಿ ಲಗೇಜಿಗೆ ಉಳಿಯುವುದು ಏನೂ ಇಲ್ಲ. ಗ್ರೌಂಡ್ ಕ್ಲಿಯರೆನ್ಸ್ ಕೂಡ ಹಾಗೆಯೇ: ಜನ, ಸಾಮಾನು ತುಂಬಿದಾಗಿನದೇ, ಖಾಲಿ ಗಾಡಿಯದೇ ಎಂದು ಕೇಳಿ ತಿಳಿದುಕೊಳ್ಳಿ.

ಇಂಜಿನ್: ಗರಿಷ್ಠ ಪವರ್ ಬಿಟ್ಟು 1,750 ಆರ್‌ಪಿಎಂ ನೋಡಿ

ಒಂದರಲ್ಲಿ ಮೂರು ಸಿಲಿಂಡರಿನ ಸಣ್ಣ ಟರ್ಬೊ, ಇನ್ನೊಂದರಲ್ಲಿ ನಾಲ್ಕು ಸಿಲಿಂಡರಿನ ಟರ್ಬೊ ಇಲ್ಲದ 1.5 ಲೀಟರ್ ಎಂದಿಟ್ಟುಕೊಳ್ಳಿ. ಈ ವರ್ಗದಲ್ಲಿ ಈ ಜೋಡಿ ಸಾಮಾನ್ಯ. ಪವರ್ ಕಂಡುಹಿಡಿಯಲು ಟಾರ್ಕನ್ನು (ತಿರುಗಿಸುವ ಬಲ, ನ್ಯೂಟನ್ ಮೀಟರ್ ಅಥವಾ ಎನ್‌ಎಂ ಲೆಕ್ಕದಲ್ಲಿ) ಆರ್‌ಪಿಎಂನಿಂದ (ಇಂಜಿನ್ ನಿಮಿಷಕ್ಕೆ ಸುತ್ತುವ ಸುತ್ತು) ಗುಣಿಸಿ 9,549ರಿಂದ ಭಾಗಿಸಿದರೆ ಕಿಲೋವ್ಯಾಟ್ ಸಿಗುತ್ತದೆ. ಟರ್ಬೊ 1,750 ಆರ್‌ಪಿಎಂನಲ್ಲೇ 170 ಎನ್‌ಎಂ ಕೊಟ್ಟರೆ ಆ ಹಂತದಲ್ಲಿ 31 ಕಿ.ವ್ಯಾ. ಇನ್ನೊಂದು ಇಂಜಿನ್ 4,400ರಲ್ಲಿ 140 ಎನ್‌ಎಂ ಮುಟ್ಟುವಂಥದ್ದು, 1,750ರಲ್ಲಿ 120 ಎನ್‌ಎಂ ಆಸುಪಾಸು ಇದ್ದರೆ 22 ಕಿ.ವ್ಯಾ. ಜನ ತುಂಬಿಕೊಂಡು ಏರು ಹತ್ತುವಾಗ, ಲಾರಿಯನ್ನು ಹಿಂದಿಕ್ಕುವಾಗ ಈ 9 ಕಿ.ವ್ಯಾ. ಎದ್ದು ಕಾಣುತ್ತದೆ. ಟರ್ಬೊ ಇಲ್ಲದ್ದರಲ್ಲಿ ಗೇರ್ ಇಳಿಸಿ ಇಂಜಿನನ್ನು ಕೂಗಿಸಬೇಕು.

ಆದರೆ ಟರ್ಬೊಗೆ 1,500 ಆರ್‌ಪಿಎಂ ಕೆಳಗೆ ಉಸಿರು ಕಮ್ಮಿ. ಟ್ರಾಫಿಕ್‌ನಲ್ಲಿ ಎರಡನೇ ಗೇರಿನಲ್ಲಿ ತೆವಳುವಾಗ ಕ್ಲಚ್ ಬಿಟ್ಟರೆ ಗಾಡಿ ನಡುಗುತ್ತದೆ. ಟರ್ಬೊ ಇಲ್ಲದ ಇಂಜಿನ್ ಇಲ್ಲಿ ನಯವಾಗಿ ಹೋಗುತ್ತದೆ. ಪಟ್ಟಣದೊಳಗಷ್ಟೇ ಓಡಾಟವಿದ್ದರೆ ಅದನ್ನೇ ಕೊಳ್ಳಿ ಎನ್ನಲು ನಮಗೆ ಹಿಂಜರಿಕೆಯಿಲ್ಲ. ಡೀಸೆಲ್ ವಿಷಯ ಬೇರೆ: ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಆದ ಡಿಪಿಎಫ್ ತನ್ನಲ್ಲಿ ಕೂಡಿದ ಮಸಿಯನ್ನು ಸುಡಲು ಆಗಾಗ ಹದಿನೈದು ಇಪ್ಪತ್ತು ನಿಮಿಷದ ನಿರಂತರ ಓಟ ಬೇಕು. ದಿನಕ್ಕೆ ಐದು ಕಿಲೋಮೀಟರ್ ಓಡಿಸುವವರು ಡೀಸೆಲ್ ಕೊಂಡರೆ ಫಿಲ್ಟರ್ ಕಟ್ಟಿಕೊಂಡು ವಾರ್ನಿಂಗ್ ಲೈಟ್ ಹತ್ತುವುದು ಬಹುತೇಕ ಖಚಿತ.

ಇಂಜಿನ್ನಿನ ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚಿಸುವುದು ಟೈಮಿಂಗ್ ಚೈನೋ, ಬೆಲ್ಟೋ ಎಂದು ಕೇಳುವುದನ್ನು ಮರೆಯಬೇಡಿ. ಕೆಲವು ಸಣ್ಣ ಟರ್ಬೊ ಇಂಜಿನ್‌ಗಳಲ್ಲಿ ಬೆಲ್ಟ್ ಇಂಜಿನ್ ಆಯಿಲ್‌ನಲ್ಲೇ ನೆನೆಯುತ್ತಿರುತ್ತದೆ. ತಪ್ಪು ದರ್ಜೆಯ ಆಯಿಲ್ ಹಾಕಿದರೆ, ಅಥವಾ ಬದಲಾಯಿಸಲು ತಡಮಾಡಿದರೆ ಅದರ ಚೂರು ಉದುರಿ ಆಯಿಲ್ ಎಳೆಯುವ ಜಾಲರಿಗೆ ಸಿಕ್ಕಿಕೊಳ್ಳುತ್ತದೆ; ಆಯಿಲ್ ಒತ್ತಡ ಬೀಳುತ್ತದೆ, ಇಂಜಿನ್ನೇ ಹೋಗಬಹುದು. ಅಂಥ ಗಾಡಿ ಬೇಡವೆಂದಲ್ಲ, ಆಯಿಲ್ ವಿಷಯದಲ್ಲಿ ಅದರೊಂದಿಗೆ ರಾಜಿ ಇಲ್ಲ.

ಆಟೊಮ್ಯಾಟಿಕ್ ಎಂಬ ಒಂದೇ ಪದದ ಹಿಂದೆ ನಾಲ್ಕು ಬೇರೆ ಯಂತ್ರಗಳಿವೆ. ಎಎಂಟಿ (ಮ್ಯಾನ್ಯುಯಲ್ ಗೇರ್‌ಬಾಕ್ಸನ್ನೇ ಯಂತ್ರ ಬದಲಾಯಿಸುವಂಥದ್ದು) ಅಗ್ಗ, ಆದರೆ ಗೇರ್ ಬದಲಾಗುವಾಗ ತಲೆ ತೂಗುತ್ತದೆ. ಟಾರ್ಕ್ ಕನ್ವರ್ಟರ್ (ಕ್ಲಚ್ ಬದಲು ದ್ರವದ ಮೂಲಕ ಬಲ ದಾಟಿಸುವಂಥದ್ದು) ತೆವಳುವ ಟ್ರಾಫಿಕ್‌ಗೆ ಗಟ್ಟಿ. ಸಿವಿಟಿ (ಮೆಟ್ಟಿಲು ಮೆಟ್ಟಿಲಾದ ಗೇರ್‌ಗಳಿಲ್ಲದ್ದು) ನಯ, ಆಕ್ಸಿಲರೇಟರ್ ಜೋರಾಗಿ ಒತ್ತಿದರೆ ಮಾತ್ರ ಇಂಜಿನ್ ಮೊದಲು ಕೂಗಿ ವೇಗ ಆಮೇಲೆ ಬರುತ್ತದೆ. ಒಣ ಕ್ಲಚ್‌ನ ಡಿಸಿಟಿ (ಎರಡು ಕ್ಲಚ್ ಇರುವಂಥದ್ದು) ತೆರೆದ ರಸ್ತೆಯಲ್ಲಿ ಚೆಂದ, ಏರು ರಸ್ತೆಯ ಟ್ರಾಫಿಕ್‌ನಲ್ಲಿ ಬ್ರೇಕ್ ಬದಲು ಆಕ್ಸಿಲರೇಟರ್‌ನಲ್ಲೇ ಗಾಡಿಯನ್ನು ತಡೆದು ಹಿಡಿದರೆ ಕ್ಲಚ್ ಬಿಸಿಯಾಗುತ್ತದೆ. ಟೆಸ್ಟ್ ಡ್ರೈವ್‌ನಲ್ಲಿ ಏರಿನ ಮೇಲೆ ನಿಲ್ಲಿಸಿ ಮೂರು ಬಾರಿ ಹೊರಡಿಸಿ ನೋಡಿ. ಇಪ್ಪತ್ತು ನಿಮಿಷ ದಟ್ಟಣೆಯಲ್ಲಿ ಓಡಿಸಲು ಬಿಡದಿದ್ದರೆ ಆ ಶೋರೂಮ್ ಬಿಟ್ಟು ಬೇರೆ ಶೋರೂಮ್ ನೋಡಿ.

ನಕ್ಷತ್ರದ ಪಕ್ಕದ ಇಸವಿ

ಕ್ರ್ಯಾಶ್ ಟೆಸ್ಟ್‌ನ ಐದು ನಕ್ಷತ್ರ ನೋಡುವವರು ಅದರ ಪಕ್ಕದ ಇಸವಿಯನ್ನೂ ನೋಡಬೇಕು. ಪರೀಕ್ಷೆ ವರ್ಷದಿಂದ ವರ್ಷಕ್ಕೆ ಬಿಗಿಯಾಗುತ್ತದೆ. 2005ರಲ್ಲಿ ಯುರೋಪಿನ ಸುರಕ್ಷತಾ ಪರೀಕ್ಷೆಯ ಸಂಸ್ಥೆ ಯುರೋ ಎನ್‌ಸಿಎಪಿಯಿಂದ ಐದು ನಕ್ಷತ್ರ ಪಡೆದ ಫಿಯೆಟ್ ಪುಂಟೊವನ್ನು 2017ರಲ್ಲಿ ಹೊಸ ನಿಯಮದಲ್ಲಿ ಪರೀಕ್ಷಿಸಿದಾಗ ಸಿಕ್ಕಿದ್ದು ಸೊನ್ನೆ. ಗಾಡಿ ಕೆಟ್ಟಿರಲಿಲ್ಲ, ಅಳತೆಗೋಲು ಬೆಳೆದಿತ್ತು. ಎದುರಾಳಿಗಳಲ್ಲಿ ಒಂದರ ನಕ್ಷತ್ರ ಹಳೆಯ ನಿಯಮದ್ದು, ಇನ್ನೊಂದರದು ಹೊಸದರದ್ದು ಆಗಿದ್ದರೆ ಅವನ್ನು ಒಂದೇ ತಕ್ಕಡಿಗೆ ಹಾಕಬೇಡಿ.

ಹಿಂದಿನ ಸೀಟಿನ ಕತೆ ಇನ್ನೂ ಮುಖ್ಯ. ವಿಮಾ ಕಂಪನಿಗಳ ಹಣದಲ್ಲಿ ಗಾಡಿಗಳ ಸುರಕ್ಷತೆ ಪರೀಕ್ಷಿಸುವ ಅಮೆರಿಕದ ಐಐಎಚ್‌ಎಸ್ ಸಂಸ್ಥೆ 2022ರಲ್ಲಿ ತನ್ನ ಮುಂಭಾಗದ ಡಿಕ್ಕಿ ಪರೀಕ್ಷೆಯನ್ನು ಬದಲಿಸಿ, ಚಾಲಕನ ಹಿಂದೆಯೂ ಒಂದು ಗೊಂಬೆ ಕೂರಿಸಿತು. 15 ಸಣ್ಣ ಎಸ್‌ಯುವಿಗಳಲ್ಲಿ ‘ಉತ್ತಮ’ ಎನಿಸಿಕೊಂಡವು ಎರಡೇ: ಫೋರ್ಡ್ ಎಸ್ಕೇಪ್ ಮತ್ತು ವೋಲ್ವೊ ಎಕ್ಸ್‌ಸಿ40. ಹಲವು ವರ್ಷಗಳಿಂದ ಬದ್ಧ ಎದುರಾಳಿಗಳಾದ ಟೊಯೋಟಾ ರಾವ್4 ಅದರ ಕೆಳಗಿನ ‘ಸ್ವೀಕಾರಾರ್ಹ’ ದರ್ಜೆಯಲ್ಲಿ, ಹೋಂಡಾ ಸಿಆರ್-ವಿ ‘ಕಳಪೆ’ ದರ್ಜೆಯಲ್ಲಿ ನಿಂತವು. ಮುಂದಿನ ಸೀಟಿಗೆ ಬಂದ ಬೆಲ್ಟ್ ತಂತ್ರಜ್ಞಾನ ಹಿಂದಿನ ಸೀಟಿಗೆ ಬಾರದೆ ಇದ್ದದ್ದೇ ಇಂಥ ಫಲಿತಾಂಶಕ್ಕೆ ದೊಡ್ಡ ಕಾರಣ. ಡಿಕ್ಕಿಯಾದ ಕ್ಷಣ ಬೆಲ್ಟನ್ನು ಬಿಗಿ ಎಳೆಯುವ ಪ್ರಿಟೆನ್ಷನರ್, ಎದೆಯ ಮೇಲೆ ಒತ್ತಡ ಮಿತಿಮೀರಿದಾಗ ಸ್ವಲ್ಪ ಸಡಿಲಿಸುವ ಲೋಡ್ ಲಿಮಿಟರ್ ನೀವು ನೋಡುತ್ತಿರುವ ವೇರಿಯಂಟ್‌ನ ಹಿಂದಿನ ಸೀಟಿಗೆ ಇವೆಯೇ ಎಂದು ಕೇಳಿ. ಮಕ್ಕಳು ಕೂರುವುದು ಅಲ್ಲೇ. ಸನ್‌ರೂಫ್ ಬಗ್ಗೆ ಹತ್ತು ಪ್ರಶ್ನೆ ಕೇಳುವ ಬದಲು ಇದೊಂದನ್ನು ಕೇಳಿ.

ಟೆಸ್ಟ್ ಡ್ರೈವ್ ಒಂದೇ ದಿನ, ಒಂದೇ ರಸ್ತೆಯಲ್ಲಿ

ಇವತ್ತು ಒಂದು, ಮುಂದಿನ ವಾರ ಇನ್ನೊಂದು ಓಡಿಸಿದರೆ ಹೋಲಿಕೆ ಆಗದು. ಸಸ್ಪೆನ್ಷನ್ ಹೇಗಿತ್ತೆಂಬುದು ಮೈಗೆ ಹೆಚ್ಚು ಹೊತ್ತು ನೆನಪಿರುವುದಿಲ್ಲ. ಅದೇ ಜನರನ್ನು ಕೂರಿಸಿಕೊಂಡು, ಅದೇ ರಸ್ತೆಯಲ್ಲಿ, ಒಂದರ ಹಿಂದೆ ಒಂದು ಓಡಿಸಿ. ಹೊರಡುವ ಮುನ್ನ ಟೈರಿನ ಗಾಳಿ ಅಳೆಸಿ. ಎಷ್ಟಿರಬೇಕೆಂದು ಚಾಲಕನ ಬಾಗಿಲ ಚೌಕಟ್ಟಿನ ಸ್ಟಿಕ್ಕರ್‌ನಲ್ಲಿ ಇರುತ್ತದೆ. 33 ಪಿಎಸ್‌ಐ ಬೇಕಾದ ಕಡೆ 40 ತುಂಬಿದ್ದರೆ ಒಳ್ಳೆಯ ಗಾಡಿಯೂ ಕುಲುಕುತ್ತದೆ, ತಪ್ಪು ಗಾಡಿಯ ಮೇಲೆ ದೂರು ಬೀಳುತ್ತದೆ.

ಚಾಲಕನ ಸೀಟನ್ನು ನಿಮಗೆ ಹೊಂದಿಸಿ, ಇಳಿದು ಅದರ ಹಿಂದೆ ಕೂತುಕೊಳ್ಳಿ. ಮೊಣಕಾಲಿಗೆ ಜಾಗವಿದ್ದರೆ ಸಾಲದು, ತೊಡೆ ಸೀಟಿಗೆ ಆತುಕೊಂಡಿದೆಯೇ ನೋಡಿ. ನೆಲ ಎತ್ತರವಾಗಿದ್ದು ಸೀಟು ತಗ್ಗಾಗಿದ್ದರೆ ಮೊಣಕಾಲು ಮೇಲೆದ್ದು ಒಂದು ಗಂಟೆಯಲ್ಲೇ ಸೊಂಟ ಹಿಡಿಯುತ್ತದೆ. ಮಗುವಿನ ಸೀಟಿದ್ದರೆ ಅದನ್ನು ತಂದು ಐಸೊಫಿಕ್ಸ್ ಕೊಂಡಿಗೆ (ಮಗುವಿನ ಸೀಟನ್ನು ಬಿಗಿಯಲು ಕಾರಿನ ಸೀಟಿನಲ್ಲಿರುವ ಕೊಂಡಿ) ಸಿಕ್ಕಿಸಿ. ಹಿಮ್ಮುಖವಾಗಿ ಕೂರಿಸುವ ಸೀಟು ಎಷ್ಟೋ ಕಾಂಪ್ಯಾಕ್ಟ್ ಎಸ್‌ಯುವಿಗಳಲ್ಲಿ ಮುಂದಿನ ಸೀಟನ್ನು ಡ್ಯಾಶ್‌ಬೋರ್ಡಿಗೆ ತಳ್ಳಿಬಿಡುತ್ತದೆ.

ರಸ್ತೆಯಲ್ಲಿ ರೇಡಿಯೊ ಆರಿಸಿ. ಹಂಪ್ ಮೇಲೆ 20 ಕಿ.ಮೀ. ವೇಗದಲ್ಲಿ ಒಂದು ಬದಿಯ ಚಕ್ರ ಮಾತ್ರ ಹತ್ತಿಸಿ. ಗಾಡಿ ಒಮ್ಮೆ ಮೇಲೆದ್ದು ನಿಲ್ಲುತ್ತದೆಯೇ, ಇನ್ನೆರಡು ಸಲ ತೂಗುತ್ತದೆಯೇ? 80ರಲ್ಲಿ ಟೈರಿನ ಸದ್ದು ಹೆಚ್ಚೋ ಗಾಳಿಯದೋ? ತಿರುವಿನಲ್ಲಿ ಮುಂದಿನ ಗಾಜಿನ ಪಕ್ಕದ ಕಂಬ ದಾರಿಹೋಕರನ್ನು ಮರೆಮಾಡುತ್ತದೆಯೇ? ಓಡುತ್ತಿರುವಾಗ ಎಸಿಯ ತಂಪಿನ ಮಟ್ಟ ಬದಲಿಸಲು ನಿಮಗೆ ಎಷ್ಟು ಸೆಕೆಂಡ್ ಬೇಕು, ಪಕ್ಕದವರು ಎಣಿಸಲಿ. ಒತ್ತುವ ಬಟನ್‌ಗಳಿಲ್ಲದೆ ಎಲ್ಲವೂ ಪರದೆಯೊಳಗೆ ಇರುವ ಗಾಡಿಯಲ್ಲಿ ಕಣ್ಣು ರಸ್ತೆಯಿಂದ ಎಷ್ಟು ಹೊತ್ತು ಹೊರಗಿತ್ತೆಂದು ಆಗ ಗೊತ್ತಾಗುತ್ತದೆ. ಇಳಿದ ಕೂಡಲೇ ಪ್ರತಿಯೊಬ್ಬರೂ ತಮ್ಮ ಅಭಿಪ್ರಾಯ ಬರೆದಿಡಿ, ಚರ್ಚೆ ಆಮೇಲೆ. ಮೊದಲು ಮಾತಾಡಿದವರ ಮಾತೇ ಉಳಿದವರ ಅಭಿಪ್ರಾಯವೂ ಆಗಿಬಿಡುತ್ತದೆ.

ಖರ್ಚು: ಸೇಲ್ಸ್ ಬಿಟ್ಟು ಸರ್ವಿಸ್ ಕೌಂಟರ್‌ಗೆ ಹೋಗಿ

ಮೈಲೇಜ್ ವ್ಯತ್ಯಾಸಕ್ಕೆ ಕೊಡುವಷ್ಟು ತೂಕ ಅದಕ್ಕಿಲ್ಲ. ವರ್ಷಕ್ಕೆ 12,000 ಕಿ.ಮೀ. ಓಡಿಸಿದರೆ ಲೀಟರಿಗೆ 15 ಕೊಡುವ ಗಾಡಿ 800 ಲೀಟರ್ ಕುಡಿಯುತ್ತದೆ, 17 ಕೊಡುವುದು 706. ಉಳಿತಾಯ 94 ಲೀಟರ್. ಐದು ವರ್ಷದ ಲೆಕ್ಕಕ್ಕೆ ಇದನ್ನು ಐದರಿಂದ, ಆಮೇಲೆ ಇಂಧನದ ಲೀಟರ್ ಬೆಲೆಯಿಂದ ಗುಣಿಸಿ, ಎರಡು ಗಾಡಿಗಳ ಬೆಲೆಯ ಅಂತರದ ಪಕ್ಕ ಇಟ್ಟು ನೋಡಿ. ಕಂಪನಿ ಹೇಳುವ ಮೈಲೇಜ್ ಯಾವ ಪರೀಕ್ಷೆಯದು ಎಂಬುದೂ ಮುಖ್ಯ: ಯುರೋಪ್ 2017ರಿಂದ ಹೊಸ ಮಾದರಿಗಳಿಗೆ ಡಬ್ಲ್ಯುಎಲ್‌ಟಿಪಿ ಪರೀಕ್ಷೆ ತಂದದ್ದೇ ಹಳೆಯ ಎನ್‌ಇಡಿಸಿ ಪರೀಕ್ಷೆಯ ಅಂಕಿಗಳು ರಸ್ತೆಯ ವಾಸ್ತವಕ್ಕೆ ದೂರವಾಗಿದ್ದವು ಎಂದು.

ಸರ್ವಿಸ್ ಕೌಂಟರ್‌ನಲ್ಲಿ ಆಯಿಲ್ ಎಷ್ಟು ಲೀಟರ್, ಯಾವ ದರ್ಜೆ, ಗೇರ್‌ಬಾಕ್ಸ್ ಆಯಿಲ್ ಎಷ್ಟು ಕಿ.ಮೀ.ಗೆ ಬದಲಿಸಬೇಕು, ಕ್ಲಚ್ ಸೆಟ್‌ಗೆ ಎಷ್ಟು ಎಂದು ಕೇಳಿ. ಒಂದು ಎಲ್‌ಇಡಿ ಹೆಡ್‌ಲೈಟ್ ಮತ್ತು ಮುಂದಿನ ಗಾಜಿನ ಬೆಲೆಯನ್ನೂ ಬರೆಸಿಕೊಳ್ಳಿ. ಎಡಾಸ್ (ಚಾಲಕನಿಗೆ ನೆರವಾಗುವ ಸ್ವಯಂಚಾಲಿತ ಸುರಕ್ಷತಾ ವ್ಯವಸ್ಥೆ) ಇರುವ ಗಾಡಿಯಲ್ಲಿ ಗಾಜಿಗೆ ಕ್ಯಾಮೆರಾ ಅಂಟಿರುತ್ತದೆ. ಕಲ್ಲು ಬಡಿದು ಗಾಜು ಬದಲಿಸಿದರೆ ಆ ಕ್ಯಾಮೆರಾವನ್ನು ಮತ್ತೆ ಕ್ಯಾಲಿಬ್ರೇಟ್ ಮಾಡಿಸಬೇಕು, ಇಲ್ಲವಾದರೆ ತಾನಾಗಿ ಬೀಳುವ ಬ್ರೇಕ್ ತಪ್ಪು ಕಡೆ ಬೀಳಬಹುದು. ವಿಮೆಯಲ್ಲಿ ಆ ಖರ್ಚು ಸೇರಿದೆಯೇ ಎಂದು ಕೇಳಿ.

ಇಷ್ಟಾದರೂ ಎರಡೂ ಸಮಬಲ ಅನ್ನಿಸಿದರೆ ಇನ್ನೊಮ್ಮೆ, ಕತ್ತಲಾದ ಮೇಲೆ ಓಡಿಸಿ. ಬೀದಿದೀಪ ಇಲ್ಲದ ರಸ್ತೆಯಲ್ಲಿ ಲೋ ಬೀಮ್ ಎಷ್ಟು ದೂರ ತಲುಪುತ್ತದೆ, ಎಡ ಬಲದ ಅಂಚು ಕಾಣುತ್ತದೆಯೇ, ಡ್ಯಾಶ್‌ಬೋರ್ಡಿನ ಪರದೆ ಗಾಜಿನಲ್ಲಿ ಪ್ರತಿಫಲಿಸಿ ಕಣ್ಣಿಗೆ ಚುಚ್ಚುತ್ತದೆಯೇ ನೋಡಿ. ಹಗಲಿನ ಟೆಸ್ಟ್ ಡ್ರೈವ್‌ನಲ್ಲಿ ಅವಳಿಗಳಂತಿದ್ದ ಗಾಡಿಗಳು ಇಲ್ಲಿ ಬೇರೆಯಾಗುತ್ತವೆ.