ಒಡೆಯದೇ ಉಳಿದ ಹೈಸ್ಕೂಲು: ಅಲೆನ್ ಕ್ರೀಡಾಂಗಣದ ಜಗಳದ ಹಿನ್ನೆಲೆ

ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ ಶಾಲಾ ಕಟ್ಟಡಗಳಿಗಾಗಿ ಸಾಲ ಎತ್ತುವ ಮಾತು ಬಂದಾಗಲೆಲ್ಲ ಒಂದು ಹೆಸರು ತಪ್ಪದೆ ಕೇಳಿಬರುತ್ತದೆ: ಅಲೆನ್ ಹೈಸ್ಕೂಲು. ಡಲ್ಲಾಸ್ ನಗರದ ಉತ್ತರಕ್ಕೆ ಸುಮಾರು 40 ಕಿ.ಮೀ. ದೂರದಲ್ಲಿರುವ ಈ ಉಪನಗರದ ಸರ್ಕಾರಿ ಶಾಲೆ 2012ರಲ್ಲಿ ತನ್ನ ಅಮೆರಿಕನ್ ಫುಟ್‌ಬಾಲ್ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ) ತಂಡಕ್ಕಾಗಿ 18,000 ಆಸನಗಳ ಕ್ರೀಡಾಂಗಣವನ್ನು ಸುಮಾರು 6 ಕೋಟಿ ಡಾಲರ್ ವೆಚ್ಚದಲ್ಲಿ ತೆರೆಯಿತು. ಅದನ್ನು ದುಂದುವೆಚ್ಚದ ಪರಮಾವಧಿ ಎನ್ನುವವರಿಗೂ, ಊರಿನವರು ಮತ ಹಾಕಿ ತಮ್ಮ ದುಡ್ಡಿನಲ್ಲೇ ಕಟ್ಟಿಕೊಂಡದ್ದಕ್ಕೆ ಹೊರಗಿನವರು ಯಾಕೆ ಉರಿದುಕೊಳ್ಳಬೇಕು ಎನ್ನುವವರಿಗೂ ನಡುವೆ ಜಗ್ಗಾಟ ಇನ್ನೂ ನಿಂತಿಲ್ಲ. ಈ ಗಲಾಟೆಯಲ್ಲಿ ಕ್ರೀಡಾಂಗಣಕ್ಕಿಂತ ಮೊದಲೇ ಆಗಿಹೋಗಿದ್ದ, ಅದಕ್ಕಿಂತ ದೊಡ್ಡದಾದ ತೀರ್ಮಾನವೊಂದು ಯಾರ ಕಣ್ಣಿಗೂ ಬೀಳದೆ ಉಳಿದಿದೆ. ಊರು ಎಷ್ಟೇ ಬೆಳೆದರೂ ಹೈಸ್ಕೂಲನ್ನು ಎರಡಾಗಿ ಒಡೆಯುವುದಿಲ್ಲ ಎಂಬುದೇ ಆ ತೀರ್ಮಾನ.

ಟೆಕ್ಸಸ್‌ನ ಸರ್ಕಾರಿ ಶಾಲೆಗಳ ಕ್ರೀಡೆಯನ್ನು ನಡೆಸುವುದು 1910ರ ದಶಕದಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದ ಆಶ್ರಯದಲ್ಲಿ ರೂಪುಗೊಂಡ ಯೂನಿವರ್ಸಿಟಿ ಇಂಟರ್‌ಸ್ಕೊಲಾಸ್ಟಿಕ್ ಲೀಗ್, ಅಂದರೆ ಯುಐಎಲ್. ತೈಲದ ಊರುಗಳ ವೈಭವದ ಕಾಲ, ಕಪ್ಪು ವಿದ್ಯಾರ್ಥಿಗಳ ಶಾಲೆಗಳನ್ನು 1960ರ ದಶಕದ ಕೊನೆಯವರೆಗೂ ಬೇರೆ ಲೀಗಿನಲ್ಲಿಟ್ಟ ಕಾಲ, ಶಿಕ್ಷಣದಲ್ಲಿ ಲಿಂಗ ತಾರತಮ್ಯ ನಿಷೇಧಿಸಿದ 1972ರ ಕೇಂದ್ರ ಕಾನೂನಿನ ನಂತರ ಹೆಣ್ಣುಮಕ್ಕಳ ತಂಡಗಳು ಹೆಚ್ಚಿದ ಕಾಲ, ಪಾಸಾಗದವರು ಆಡುವಂತಿಲ್ಲ ಎಂಬ 1984ರ ನಿಯಮದ ಕಾಲ, ಇಷ್ಟನ್ನೂ ದಾಟಿ ಶತಮಾನದ ಕೊನೆಗೆ ಬರುವಷ್ಟರಲ್ಲಿ ರಾಜ್ಯದ ಫುಟ್‌ಬಾಲಿನ ಬಲ ದೊಡ್ಡ ನಗರಗಳ ಸುತ್ತಲಿನ ಉಪನಗರಗಳಿಗೆ ಸರಿದಿತ್ತು.

ಅಲೆನ್ ಬೆಳೆದದ್ದು ಈ ಕೊನೆಯ ಹಂತದಲ್ಲಿ. 1970ರ ಜನಗಣತಿಯಲ್ಲಿ ಇಲ್ಲಿದ್ದವರು 1,940 ಜನ, 1990ರಲ್ಲಿ 18,309, 2010ರಲ್ಲಿ 84,246, 2020ರ ಹೊತ್ತಿಗೆ ಲಕ್ಷ ದಾಟಿದರು. ಡಲ್ಲಾಸಿನಿಂದ ಉತ್ತರಕ್ಕೆ ಹೋಗುವ 75ನೇ ಹೆದ್ದಾರಿಯುದ್ದಕ್ಕೂ ಕಂಪನಿಗಳು ಬಂದವು, ಅವುಗಳ ಹಿಂದೆ ಮನೆಗಳು ಬಂದವು. ದಕ್ಷಿಣಕ್ಕೆ ಅಂಟಿಕೊಂಡಿರುವ ಪ್ಲೇನೋ ಇದೇ ದಾರಿಯಲ್ಲಿ ಮೊದಲೇ ನಡೆದು ತೋರಿಸಿತ್ತು. ಒಂದು ಕಾಲಕ್ಕೆ ಒಂದೇ ಹೈಸ್ಕೂಲು ಇದ್ದ ಆ ಊರು ಜನ ಹೆಚ್ಚಿದಂತೆ ಎರಡನೆಯದನ್ನು, ಆಮೇಲೆ ಮೂರನೆಯದನ್ನು ತೆರೆಯಿತು. ಮೂಲ ಪ್ಲೇನೋ ಶಾಲೆಗೆ ಫುಟ್‌ಬಾಲಿನಲ್ಲಿ ಏಳು ರಾಜ್ಯ ಚಾಂಪಿಯನ್ ಪ್ರಶಸ್ತಿಗಳು ಬಂದಿದ್ದವು, ಕೊನೆಯದು 1994ರಲ್ಲಿ. ಆಮೇಲೆ ಪ್ಲೇನೋದ ಯಾವ ಸರ್ಕಾರಿ ಶಾಲೆಯೂ ಫುಟ್‌ಬಾಲಿನಲ್ಲಿ ರಾಜ್ಯ ಪ್ರಶಸ್ತಿ ಗೆದ್ದಿಲ್ಲ. ಪ್ರತಿಭೆ ಮೂರು ಪಾಲಾದದ್ದೊಂದೇ ಇದಕ್ಕೆ ಕಾರಣ ಎನ್ನಲಾಗದು. ಆದರೆ ಪಕ್ಕದ ಊರಿನವರು ಅದರಿಂದ ಪಾಠ ಕಲಿತಿರಲಾರರು ಎಂದು ನಂಬುವುದೂ ಕಷ್ಟ.

ಒಡೆಯದಿರುವುದಕ್ಕೆ ಅಲೆನ್ ಮುಂದಿಟ್ಟ ವಾದದಲ್ಲಿ ಕ್ರೀಡೆ ಮೊದಲ ಸ್ಥಾನದಲ್ಲಿ ಇರಲಿಲ್ಲ ಎಂಬುದನ್ನು ಒಪ್ಪಬೇಕು. ಐದು ಸಾವಿರ ವಿದ್ಯಾರ್ಥಿಗಳಿರುವ ಶಾಲೆ ಎರಡೂವರೆ ಸಾವಿರದ ಶಾಲೆಗಿಂತ ಹೆಚ್ಚು ಭಾಷೆಗಳನ್ನು, ಹೆಚ್ಚು ವೃತ್ತಿ ತರಬೇತಿಗಳನ್ನು, ಕಾಲೇಜು ಮಟ್ಟದ ಹೆಚ್ಚು ವಿಷಯಗಳನ್ನು ಕಲಿಸಬಲ್ಲದು. ಅದಕ್ಕಿಂತ ಮುಖ್ಯವಾಗಿ, ಊರಿಗೆಲ್ಲ ಒಂದೇ ಹೈಸ್ಕೂಲು ಇದ್ದರೆ ಊರೊಳಗೆ ಗಡಿ ಎಳೆಯುವ ತಂಟೆಯೇ ಇರುವುದಿಲ್ಲ. ಈ ಕಡೆ ಮನೆ ಕೊಂಡ ಕನ್ನಡಿಗರನ್ನು ಕೇಳಿದರೂ ಸಾಕು. ಪ್ಲೇನೋ, ಫ್ರಿಸ್ಕೋ, ಅಲೆನ್, ಮೆಕಿನ್ನಿಗಳಲ್ಲಿ ನೆಲೆಸಿರುವ ಐಟಿ ಕುಟುಂಬಗಳು ಮನೆ ನೋಡುವುದಕ್ಕೆ ಮುಂಚೆ ಅದು ಯಾವ ಶಾಲೆಯ ವ್ಯಾಪ್ತಿಗೆ ಬರುತ್ತದೆ ಎಂದು ನೋಡುತ್ತವೆ, ಮನೆಯ ಬೆಲೆಯೂ ಅದನ್ನೇ ಹಿಂಬಾಲಿಸುತ್ತದೆ. ಹೊಸ ಶಾಲೆ ಬಂದಾಗ ಗಡಿ ಬದಲಾದರೆ ಬೀದಿಯ ಆಚೆ ಬದಿಯ ಮಕ್ಕಳು ಬೇರೆ ಶಾಲೆಯ ಬಸ್ಸು ಹತ್ತಬೇಕಾಗುತ್ತದೆ. ಅಲೆನ್ ಹೈಸ್ಕೂಲಿನ ಮಟ್ಟಿಗೆ ಆ ಚಿಂತೆಯಿಲ್ಲ.

ಪಶ್ಚಿಮಕ್ಕಿರುವ ಫ್ರಿಸ್ಕೋ ಇದಕ್ಕೆ ತದ್ವಿರುದ್ಧ ದಾರಿ ಹಿಡಿಯಿತು. ಪ್ರತಿ ಹೈಸ್ಕೂಲನ್ನೂ ಸುಮಾರು 2,100 ವಿದ್ಯಾರ್ಥಿಗಳಿಗೆ ಮಿತಿಗೊಳಿಸಿ, 2003ರಲ್ಲಿ ಎರಡನೆಯದನ್ನು ತೆರೆದ ಆ ಊರು 2022ಕ್ಕೆ ಹನ್ನೆರಡನೆಯದಕ್ಕೆ ಬಂದು ನಿಂತಿತು. ಪ್ರತಿ ಶಾಲೆಗೂ ಒಂದು ಕ್ರೀಡಾಂಗಣ ಕಟ್ಟುವ ಬದಲು ಹಲವು ಶಾಲೆಗಳು ಒಂದೇ ಮೈದಾನ ಹಂಚಿಕೊಳ್ಳುತ್ತವೆ. ಅವುಗಳಲ್ಲಿ ಒಂದು ಡಲ್ಲಾಸ್ ಕೌಬಾಯ್ಸ್ ಎಂಬ ವೃತ್ತಿಪರ ಫುಟ್‌ಬಾಲ್ ತಂಡದ ಕೇಂದ್ರ ಕಚೇರಿಗೆ ಸೇರಿದ ಒಳಾಂಗಣ. ಹನ್ನೆರಡು ಶಾಲೆ ಎಂದರೆ ಹನ್ನೆರಡು ಫುಟ್‌ಬಾಲ್ ತಂಡ, ಹನ್ನೆರಡು ಬ್ಯಾಸ್ಕೆಟ್‌ಬಾಲ್ ತಂಡ, ಹನ್ನೆರಡು ನಾಟಕ ತಂಡ. ಅಲೆನ್‌ನಲ್ಲಿ ಒಂದೊಂದೇ.

ಲೆಕ್ಕ ಇಲ್ಲಿಗೆ ಬಂದು ನಿಲ್ಲುತ್ತದೆ. ಶಾಲೆ ಎಷ್ಟೇ ದೊಡ್ಡದಾದರೂ ಒಮ್ಮೆಗೆ ಮೈದಾನಕ್ಕೆ ಇಳಿಯುವವರು ಹನ್ನೊಂದೇ ಜನ. ಒಂಬತ್ತನೇ ತರಗತಿಯವರಿಗೆ ಬೇರೆ ತಂಡ, ಅದರ ಮೇಲೆ ಜೂನಿಯರ್ ವಾರ್ಸಿಟಿ ಎಂಬ ಎರಡನೇ ಸಾಲಿನ ತಂಡ, ಇವೆಲ್ಲ ಇವೆ; ಆದರೆ ಶುಕ್ರವಾರ ರಾತ್ರಿ ದೀಪದ ಕೆಳಗೆ ಆಡುವುದು ವಾರ್ಸಿಟಿ, ಅಂದರೆ ಶಾಲೆಯ ಮುಖ್ಯ ತಂಡ ಮಾತ್ರ. ಐದು ಹುಡುಗಿಯರು ಸಾಕಾಗುವ ಬ್ಯಾಸ್ಕೆಟ್‌ಬಾಲಿನಲ್ಲಂತೂ ಇಕ್ಕಟ್ಟು ಇನ್ನೂ ಹೆಚ್ಚು. ಯುಐಎಲ್ ಎರಡು ವರ್ಷಕ್ಕೊಮ್ಮೆ ವಿದ್ಯಾರ್ಥಿಗಳ ಸಂಖ್ಯೆ ನೋಡಿ ಶಾಲೆಗಳನ್ನು ವರ್ಗಗಳಲ್ಲಿ ಹಂಚುತ್ತದೆ. ಅತಿ ದೊಡ್ಡ ಶಾಲೆಗಳ ವರ್ಗವನ್ನು 2014ರಿಂದ 6ಎ ಎನ್ನುತ್ತಾರೆ, ಅದರ ಕೆಳಮಿತಿ ಎರಡು ಸಾವಿರ ಚಿಲ್ಲರೆ, ಮೇಲ್ಮಿತಿ ಇಲ್ಲ. ಆದ್ದರಿಂದ ಐದು ಸಾವಿರ ಮಕ್ಕಳಲ್ಲಿ ಆರಿಸಿದ ತಂಡ ಅದರ ಅರ್ಧವೂ ಇಲ್ಲದ ಶಾಲೆಯ ಎದುರು ಆಡುತ್ತದೆ. ಇದರಲ್ಲಿ ನಿಯಮ ಮುರಿದವರು ಯಾರೂ ಇಲ್ಲ, ನಿಯಮವೇ ಹಾಗಿದೆ.

ಟಾಮ್ ವೆಸ್ಟರ್‌ಬರ್ಗ್ ಮುಖ್ಯ ತರಬೇತುದಾರರಾಗಿದ್ದಾಗ 2008ರಲ್ಲಿ ಅಲೆನ್ ಮೊದಲ ಸಲ ಫುಟ್‌ಬಾಲಿನ ರಾಜ್ಯ ಪ್ರಶಸ್ತಿ ಗೆದ್ದಿತು. ಹಳೆಯ ಕ್ರೀಡಾಂಗಣ 1976ರದ್ದು. ಸುಮಾರು ಏಳು ಸಾವಿರ ಕಾಯಂ ಆಸನಗಳು ಸಾಲದೆ ಪ್ರತಿ ಹಂಗಾಮಿಗೂ ತಾತ್ಕಾಲಿಕ ಗ್ಯಾಲರಿಗಳನ್ನು ಬಾಡಿಗೆಗೆ ತಂದು ನಿಲ್ಲಿಸುತ್ತಿದ್ದರು. ಪ್ರಶಸ್ತಿ ಬಂದ ಐದೇ ತಿಂಗಳಿಗೆ, 2009ರ ಮೇ ತಿಂಗಳಲ್ಲಿ, ಸುಮಾರು 11.9 ಕೋಟಿ ಡಾಲರ್ ಬಾಂಡ್ ಸಾಲದ ಪ್ರಸ್ತಾವ ಮತಕ್ಕೆ ಬಂತು. ಅದರೊಳಗೆ ಕ್ರೀಡಾಂಗಣವಷ್ಟೇ ಅಲ್ಲ, ರಂಗಮಂದಿರವೂ ಶಾಲಾ ಬಸ್ಸುಗಳಿಗೆ ಬೇಕಾದ ಕೇಂದ್ರವೂ ಇದ್ದವು. ಮತ ಹಾಕಿದವರಲ್ಲಿ ಶೇ. 63ಕ್ಕೂ ಹೆಚ್ಚು ಮಂದಿ ಹೌದೆಂದರು. ರಂಗಮಂದಿರ ಬೇಕು, ಕ್ರೀಡಾಂಗಣ ಬೇಡ ಎನ್ನುವವರಿಗೆ ಹಾಗೆ ಹೇಳಲು ಮತಪತ್ರದಲ್ಲಿ ಜಾಗವಿರಲಿಲ್ಲ.

ಕೆಲಸ ನಡೆಯುತ್ತಿದ್ದಾಗಲೇ ಕಾಲ ಕೆಟ್ಟಿತು. ಆರ್ಥಿಕ ಹಿಂಜರಿತದ ಬಿಸಿಯಲ್ಲಿ ರಾಜ್ಯದ ಶಾಸನಸಭೆ 2011ರಲ್ಲಿ ಎರಡು ವರ್ಷದ ಶಾಲಾ ಅನುದಾನದಿಂದ ಸುಮಾರು 540 ಕೋಟಿ ಡಾಲರ್ ಕತ್ತರಿಸಿತು. ರಾಜ್ಯದೆಲ್ಲೆಡೆ ಶಿಕ್ಷಕರ ಹುದ್ದೆಗಳು ಹೋದವು, ತರಗತಿಗಳು ತುಂಬಿ ತುಳುಕಿದವು, ಆರು ನೂರಕ್ಕೂ ಹೆಚ್ಚು ಶಾಲಾ ಜಿಲ್ಲೆಗಳು (ಒಂದೊಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆಗಳು) ನ್ಯಾಯಾಲಯದ ಮೆಟ್ಟಿಲೇರಿದವು. ಅಂಥ ಹೊತ್ತಿನಲ್ಲಿ ಬೃಹತ್ ವಿಡಿಯೋ ಪರದೆಯ, ಹೊಟ್ಟೆಯೊಳಗೆ ಕುಸ್ತಿ ಪಟುಗಳ ಅಭ್ಯಾಸ ಕೋಣೆಯನ್ನೂ ಗಾಲ್ಫ್ ಅಭ್ಯಾಸದ ಜಾಗವನ್ನೂ ಇಟ್ಟುಕೊಂಡ ಕ್ರೀಡಾಂಗಣವೊಂದು ಏಳುತ್ತಿರುವ ಚಿತ್ರ ದೇಶದ ಪತ್ರಿಕೆಗಳಲ್ಲಿ ಬಂದರೆ ಜನ ಏನೆಂದಾರು?

ಈ ಪ್ರಶ್ನೆಗೆ ಉತ್ತರ ಟೆಕ್ಸಸ್ ತೆರಿಗೆ ಪದ್ಧತಿಯಲ್ಲಿದೆ, ಮತ್ತು ಹೆಚ್ಚಿನ ಟೀಕಾಕಾರರು ಎಡವುವುದೂ ಇಲ್ಲಿಯೇ. ಶಾಲಾ ಜಿಲ್ಲೆಯೊಂದು ಆಸ್ತಿಯ ಮೇಲೆ ಎರಡು ಬಗೆಯ ತೆರಿಗೆ ಹಾಕುತ್ತದೆ. ಒಂದು ಸಂಬಳ, ವಿದ್ಯುತ್ತು, ಬಸ್ಸಿನ ಡೀಸೆಲ್ ಮುಂತಾದ ದಿನದ ಖರ್ಚಿಗೆ. ಇನ್ನೊಂದು ಬಾಂಡ್ ಸಾಲದ ಅಸಲು ಬಡ್ಡಿ ತೀರಿಸುವುದಕ್ಕೆ. ಎರಡನೆಯ ಹುಂಡಿಯ ಹಣವನ್ನು ಮೊದಲನೆಯದಕ್ಕೆ ಬಳಸಲು ಕಾನೂನು ಬಿಡುವುದಿಲ್ಲ. ಹಾಗಾಗಿ ಕ್ರೀಡಾಂಗಣ ಕಟ್ಟದೇ ಇದ್ದಿದ್ದರೆ ಆ ಹಣದಲ್ಲಿ ಶಿಕ್ಷಕರಿಗೆ ಸಂಬಳ ಕೊಡಬಹುದಿತ್ತು ಎಂಬ ಮಾತು ತಪ್ಪು. ಆದರೆ ಕಥೆ ಅಲ್ಲಿಗೇ ಮುಗಿಯುವುದಿಲ್ಲ. 1993ರಿಂದ ಜಾರಿಯಲ್ಲಿರುವ, ಜನ ರಾಬಿನ್ ಹುಡ್ ಎಂದು ಕರೆಯುವ ಪದ್ಧತಿಯ ಪ್ರಕಾರ ಆಸ್ತಿ ಮೌಲ್ಯ ಹೆಚ್ಚಿರುವ ಜಿಲ್ಲೆಗಳು ದಿನದ ಖರ್ಚಿನ ತೆರಿಗೆಯಲ್ಲಿ ಒಂದು ಪಾಲನ್ನು ರಾಜ್ಯಕ್ಕೆ ಬಿಟ್ಟುಕೊಡಬೇಕು. ಕಟ್ಟಡದ ಸಾಲಕ್ಕೆಂದು ಎತ್ತಿದ ಪ್ರತಿ ಡಾಲರೂ ಊರಲ್ಲೇ ಉಳಿಯುತ್ತದೆ. ಸಿರಿವಂತ ಉಪನಗರಗಳಿಗೆ ಇಟ್ಟಿಗೆ ಕಾಂಕ್ರೀಟಿನ ಮೇಲೆ ಒಲವು ಬರುವಂತೆ ರಾಜ್ಯವೇ ಏರ್ಪಾಡು ಮಾಡಿಟ್ಟಿದೆ. ಆ ಒಲವನ್ನು ಒಂದು ಊರಿನ ಫುಟ್‌ಬಾಲ್ ಹುಚ್ಚು ಎಂದು ಕರೆದು ಸುಮ್ಮನಾಗುವುದು ಸುಲಭ. ಅದರಿಂದ ಪದ್ಧತಿಯನ್ನು ಪ್ರಶ್ನಿಸುವ ಕಷ್ಟ ತಪ್ಪುತ್ತದೆ.

2012ರ ಆಗಸ್ಟ್ 31ರಂದು ಕ್ರೀಡಾಂಗಣ ತೆರೆಯಿತು, ಸೌತ್‌ಲೇಕ್ ಕ್ಯಾರಲ್ ಶಾಲೆಯನ್ನು ಅಲೆನ್ 24–0 ಅಂತರದಿಂದ ಸೋಲಿಸಿತು. ಊರ ತೇರಿಗೆ ಸೇರುವಂತೆ ಜನ ಸೇರಿದ್ದರು. ಆ ವರ್ಷ ತಂಡಕ್ಕೆ ಬಂದ ಕೈಲರ್ ಮರ್ರಿ ಮೂರು ಹಂಗಾಮುಗಳಲ್ಲಿ ತಾವು ಆರಂಭಿಕ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ದಾಳಿ ನಡೆಸುವ ಆಟಗಾರ) ಆಗಿ ಆಡಿದ 42 ಪಂದ್ಯಗಳಲ್ಲಿ ಒಂದನ್ನೂ ಸೋಲಲಿಲ್ಲ. ಮುಂದೆ ಒಕ್ಲಹೋಮಾ ವಿಶ್ವವಿದ್ಯಾಲಯದಲ್ಲಿ ಕಾಲೇಜು ಫುಟ್‌ಬಾಲಿನ ಶ್ರೇಷ್ಠ ಆಟಗಾರನಿಗೆ ಕೊಡುವ ಹೈಸ್ಮನ್ ಪ್ರಶಸ್ತಿ ಪಡೆದು 2019ರಲ್ಲಿ ವೃತ್ತಿಪರ ಲೀಗಿನ ಆಯ್ಕೆಯಲ್ಲಿ ಮೊದಲಿಗರಾದರು. 2012, 2013, 2014ರಲ್ಲಿ ಸತತವಾಗಿ ಪ್ರಶಸ್ತಿ ಬಂತು. ಸತತ 57 ಗೆಲುವುಗಳ ಸರಣಿ ಕೊನೆಗೊಂಡದ್ದು 2015ರಲ್ಲಿ.

ಇದರ ನಡುವೆಯೇ, 2014ರ ಫೆಬ್ರುವರಿಯಲ್ಲಿ, ಕ್ರೀಡಾಂಗಣಕ್ಕೆ ಬೀಗ ಬಿತ್ತು. ಪ್ರೇಕ್ಷಕರು ಓಡಾಡುವ ಮೇಲಂತಸ್ತಿನ ಕಾಂಕ್ರೀಟಿನಲ್ಲಿ ಬಿರುಕುಗಳು ಹರಡಿದ್ದವು. ತಪಾಸಣೆ ನಡೆಸಿದ ಎಂಜಿನಿಯರುಗಳು ಅದು ಬರೀ ಮೇಲ್ಮೈಯ ಸೀಳಲ್ಲ, ಭಾರ ಹೊರುವ ವಿನ್ಯಾಸದಲ್ಲೇ ಕೊರತೆಯಿದೆ ಎಂದರು. ದುರಸ್ತಿಗೆ ಹಿಡಿದ ಕೋಟಿಗೂ ಮಿಕ್ಕಿದ ಡಾಲರನ್ನು ವಿನ್ಯಾಸ ಮಾಡಿದವರೂ ಕಟ್ಟಿದವರೂ ಭರಿಸಿದರು, ತೆರಿಗೆದಾರರ ಮೇಲೆ ಹೊರೆ ಬೀಳಲಿಲ್ಲ. ಆ ವರ್ಷ ತವರಿನಲ್ಲಿ ಆಡಬೇಕಿದ್ದ ಪಂದ್ಯಗಳನ್ನು ಪಕ್ಕದ ಪ್ಲೇನೋದ ಮೈದಾನಗಳಲ್ಲಿ ಆಡಿದ ಅಲೆನ್ ಹುಡುಗರು 16ಕ್ಕೆ 16 ಪಂದ್ಯಗಳನ್ನೂ ಗೆದ್ದು ಪ್ರಶಸ್ತಿ ತಂದರು. ಗೆಲ್ಲುವುದಕ್ಕೆ ಆ ಕಟ್ಟಡ ಬೇಕಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಗೆಲುವು ಬಂದದ್ದು ಒಡೆಯದೇ ಉಳಿದ ಶಾಲೆಯಿಂದ.

ಹಾಗಾದರೆ 18,000 ಆಸನ ಯಾರಿಗೆ? ಪಕ್ಷಪಾತವಿಲ್ಲದೆ ನೋಡಿದರೆ ಒಂದು ಉತ್ತರ ಬ್ಯಾಂಡಿನಲ್ಲಿದೆ. ಅಲೆನ್ ಈಗಲ್ ಎಸ್ಕಾಡ್ರಿಲ್ ಎಂಬ ಶಾಲಾ ವಾದ್ಯವೃಂದದಲ್ಲಿ ಧ್ವಜ ಹಿಡಿಯುವವರು, ನೃತ್ಯ ಮಾಡುವವರು ಸೇರಿ ಸುಮಾರು 800 ಮಕ್ಕಳು. ಹೈಸ್ಕೂಲುಗಳ ಮಟ್ಟಿಗೆ ದೇಶದಲ್ಲೇ ಅತಿ ದೊಡ್ಡದೆಂದು ಅದು ಹೆಸರು ಮಾಡಿದೆ. ವಿರಾಮದಲ್ಲಿ ಅವರು ಮೈದಾನಕ್ಕೆ ಇಳಿದರೆ ಈ ಗೆರೆಯಿಂದ ಆ ಗೆರೆಯವರೆಗೆ ಹುಲ್ಲು ಕಾಣುವುದಿಲ್ಲ. ಆಡುವ ಮಕ್ಕಳ ಸಂಖ್ಯೆ ನೂರರ ಆಸುಪಾಸಿನಲ್ಲಿ ನಿಂತರೆ, ಬಾರಿಸುವವರ ಮನೆಯವರೇ ಗ್ಯಾಲರಿಯ ಒಂದು ದೊಡ್ಡ ಭಾಗ ತುಂಬುತ್ತಾರೆ. ಕುಸ್ತಿಯದೂ ಗಮನಿಸಬೇಕಾದ ವಿಷಯ: ಫುಟ್‌ಬಾಲಿನಷ್ಟು ಸದ್ದು ಮಾಡದೆ 2010ರ ದಶಕದಲ್ಲಿ ಸಾಲು ಸಾಲಾಗಿ ರಾಜ್ಯ ಪ್ರಶಸ್ತಿ ತಂದ ತಂಡ ಅದು, ಮೂರು ಸಲ ರಾಷ್ಟ್ರೀಯ ಕಾಲೇಜು ಚಾಂಪಿಯನ್ ಆದ ಬೋ ನಿಕಲ್ ಇಲ್ಲಿಯವರು. ಅದಕ್ಕೆ ಬೇಕಾದದ್ದು ಒಂದು ಚಾಪೆ ಮತ್ತು ಬೆಚ್ಚಗಿನ ಕೋಣೆ.

ಅಲೆನ್ ಹಾಕಿದ ದಾರಿಯಲ್ಲಿ ಬೇರೆಯವರೂ ನಡೆದರು. ಹ್ಯೂಸ್ಟನ್ ಬಳಿಯ ಕೇಟಿ 2017ರಲ್ಲಿ, ಅಲೆನ್‌ನ ಉತ್ತರದ ನೆರೆಯ ಮೆಕಿನ್ನಿ 2018ರಲ್ಲಿ ತಲಾ ಸುಮಾರು 7 ಕೋಟಿ ಡಾಲರಿನ ಕ್ರೀಡಾಂಗಣಗಳನ್ನು ತೆರೆದವು. ಆಸನಗಳು ಅಲೆನ್‌ಗಿಂತ ಕಡಿಮೆ, ತಲಾ 12,000. ಮೆಕಿನ್ನಿಯಲ್ಲಿಯೂ ಉದ್ಘಾಟನೆಗೆ ಮುಂಚೆ ಕಾಂಕ್ರೀಟಿನಲ್ಲಿ ಬಿರುಕು ಕಂಡದ್ದು ಕಾಕತಾಳೀಯವಿರಬಹುದು. 2019ರಲ್ಲಿ ಶಾಸನಸಭೆ ಎರಡು ಬದಲಾವಣೆ ತಂದಿತು. ಸಾವಿರಕ್ಕಿಂತ ಹೆಚ್ಚು ಆಸನಗಳ ಕ್ರೀಡಾಂಗಣವನ್ನು ತರಗತಿ ಕೋಣೆಗಳ ಜೊತೆ ಒಂದೇ ಪ್ರಸ್ತಾವದಲ್ಲಿ ಸೇರಿಸಿ ಮತಕ್ಕೆ ಇಡುವಂತಿಲ್ಲ, ಅದಕ್ಕೆ ಪ್ರತ್ಯೇಕ ಪ್ರಶ್ನೆ ಬೇಕು. ಮತ್ತು ಪ್ರತಿ ಬಾಂಡ್ ಪ್ರಸ್ತಾವದ ಮೇಲೂ ಇದು ಆಸ್ತಿ ತೆರಿಗೆಯ ಏರಿಕೆ ಎಂದು ಬರೆದಿರಬೇಕು. 2009ರ ಅಲೆನ್ ಮತಪತ್ರ ಇಂದಾಗಿದ್ದರೆ ಅದೇ ರೂಪದಲ್ಲಿ ಜನರ ಮುಂದೆ ಬರುತ್ತಿರಲಿಲ್ಲ.

ಅಲೆನ್ 2017ರಲ್ಲಿ ಐದನೇ ಸಲ ರಾಜ್ಯ ಪ್ರಶಸ್ತಿ ಗೆದ್ದಿತು. ಆದರೆ ಊರಿನಲ್ಲಿ ಮನೆ ಕಟ್ಟಲು ಉಳಿದಿರುವ ಜಾಗ ಈಗ ಕಡಿಮೆ, ಮನೆಗಳ ಬೆಲೆ ಎಳೆಯ ದಂಪತಿಗಳ ಕೈಗೆ ಎಟುಕುವುದಿಲ್ಲ, ಮೊದಲು ಬಂದವರ ಮಕ್ಕಳು ಓದು ಮುಗಿಸಿ ಹೊರಟಿದ್ದಾರೆ. ಮಕ್ಕಳ ಸಂಖ್ಯೆ ಇಳಿದ ಕಾರಣಕ್ಕೆ 2022–23ರ ಶಾಲಾ ವರ್ಷದ ಕೊನೆಗೆ ಎರಡು ಪ್ರಾಥಮಿಕ ಶಾಲೆಗಳನ್ನು ಮುಚ್ಚಲಾಯಿತು. ಹನ್ನೆರಡು ಶಾಲೆ ಕಟ್ಟಿದ ಫ್ರಿಸ್ಕೋದ ದಾರಿಯೂ ಸಲೀಸಾಗಿಲ್ಲ. 2024ರ ನವೆಂಬರಿನಲ್ಲಿ ಅಲ್ಲಿನ ಮತದಾರರು ನೂರು ಕೋಟಿ ಡಾಲರಿಗೂ ಮೀರಿದ ಬಾಂಡ್ ಪ್ರಸ್ತಾವಗಳನ್ನು ತಿರಸ್ಕರಿಸಿದರು. ಅಲೆನ್‌ನಲ್ಲಿ ಎರಡನೇ ಹೈಸ್ಕೂಲು ಬೇಕೇ ಎಂಬ ಪ್ರಶ್ನೆಗೆ ಈಗ ಮೊದಲಿನ ಬಿಸಿಯಿಲ್ಲ. ಇನ್ನು ಕೆಲವು ವರ್ಷಗಳಲ್ಲಿ ಈಗ ಪ್ರಾಥಮಿಕ ಶಾಲೆಗಳಲ್ಲಿರುವ ಮಕ್ಕಳ ಸಣ್ಣ ಗುಂಪುಗಳೇ ಹೈಸ್ಕೂಲಿಗೆ ಬರುತ್ತವೆ, ಆಗಲೂ ಶಾಲೆ 6ಎ ವರ್ಗದಲ್ಲೇ ಇರುತ್ತದೆ, ವಾರ್ಸಿಟಿ ತಂಡವೂ ಒಂದೇ ಇರುತ್ತದೆ.