ಹಳೆಯ ಡಿಸ್ನಿಲ್ಯಾಂಡ್ ಫೋಟೋ ಯಾವ ವರ್ಷದ್ದು? ಬೆಟ್ಟ ನೋಡಿ ಹೇಳಿ

ಓದುಗರ ಪ್ರಶ್ನೆ: ಡಿಸ್ನಿಲ್ಯಾಂಡ್‌ನ ಹಳೆಯ ಫೋಟೋಗಳು ನೆಟ್‌ನಲ್ಲಿ ರಾಶಿ ರಾಶಿ ಸಿಗುತ್ತವೆ. ಮುಕ್ಕಾಲು ಪಾಲು ಫೋಟೋಗಳ ಕೆಳಗೆ ‘1955’ ಅಂತಲೇ ಬರೆದಿರುತ್ತಾರೆ. ನಿಜವಾಗಿ ಯಾವ ವರ್ಷದ್ದು ಅಂತ ತಿಳಿಯೋದು ಹೇಗೆ?

ಉತ್ತರ: ಮೊದಲು, ಮುಂದೆ ನಿಂತು ನಗುತ್ತಿರುವವರನ್ನು ಬಿಟ್ಟುಬಿಡಿ. ಅವರ ಬೆನ್ನ ಹಿಂದೆ ಏನಿದೆ ನೋಡಿ.

ಜನ ಬಟ್ಟೆ ನೋಡಿ ಮೋಸ ಹೋಗುತ್ತಾರೆ. ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ ಕಿತ್ತಳೆ ತೋಟ ಕಡಿದು ಕಟ್ಟಿದ ಈ ಪಾರ್ಕ್ ಶುರುವಾದದ್ದು 1955ರ ಜುಲೈ 17ರಂದು. ಅವತ್ತು ಸುಡು ಬಿಸಿಲು. ಹೊಸದಾಗಿ ಹಾಕಿದ್ದ ಡಾಂಬರು ಮೆತ್ತಗಾಗಿ ಹೆಂಗಸರ ಹೈ ಹೀಲ್ಸ್ ಹೂತುಹೋದವು ಅನ್ನೋ ಕಥೆ ಎಲ್ಲರಿಗೂ ಗೊತ್ತು. ಹಾಗಾಗಿ ಹೈ ಹೀಲ್ಸ್, ಟೋಪಿ, ಕೋಟು ಕಂಡರೆ ಸಾಕು, ‘ಉದ್ಘಾಟನೆಯ ದಿನ’ ಅಂತ ಬರೆದುಬಿಡುತ್ತಾರೆ. ಆದರೆ ಅದಾಗಿ ಎಷ್ಟೋ ವರ್ಷದವರೆಗೂ ಜನ ಹಾಗೇ ಡ್ರೆಸ್ ಮಾಡಿಕೊಂಡು ಬರುತ್ತಿದ್ದರು, ಅಲ್ವಾ?

ನನ್ನ ಪ್ರಕಾರ ಅತಿ ನಂಬಿಕಸ್ಥ ಸಾಕ್ಷಿ ಪಾರ್ಕ್‌ನೊಳಗೆ ಕಟ್ಟಿದ ಮ್ಯಾಟರ್‌ಹಾರ್ನ್ ಬೆಟ್ಟ. ಸ್ವಿಟ್ಜರ್‌ಲ್ಯಾಂಡ್‌ನ ಶಿಖರದ ನಕಲು, 147 ಅಡಿ ಎತ್ತರ. 1959ರ ಜೂನ್‌ನಲ್ಲಿ ತೆರೆಯಿತು. ಅದಕ್ಕೆ ಮುಂಚೆ ಅಲ್ಲಿದ್ದದ್ದು ಸುಮ್ನೆ ಒಂದು ಮಣ್ಣಿನ ಗುಡ್ಡ. 1956ರ ಜೂನ್‌ನಲ್ಲಿ ಸ್ಕೈವೇ ಅನ್ನೋ ತೂಗು ಬುಟ್ಟಿಗಳ ಹಗ್ಗದ ದಾರಿ ಬಂತು. ಅದರ ಕಬ್ಬಿಣದ ಕಂಬವನ್ನು ಇದೇ ಗುಡ್ಡದ ಮೇಲೆ ನಿಲ್ಲಿಸಿದರು.

ಈಗ ಫೋಟೋ ತೆಗೆದುಕೊಳ್ಳಿ. ಬೋಳು ಗುಡ್ಡ, ಅದರ ನೆತ್ತಿಯ ಮೇಲೆ ಕಂಬ ಇದ್ದರೆ 1956ರ ಬೇಸಿಗೆಯ ನಂತರದ್ದು, ಬೆಟ್ಟ ಏಳುವುದಕ್ಕೆ ಮುಂಚಿನದು. ಉಕ್ಕಿನ ಅಸ್ಥಿಪಂಜರ ಕಂಡರೆ ಬೆಟ್ಟ ಕಟ್ಟುತ್ತಿದ್ದ ಸಮಯ. ಬಿಳಿ ಶಿಖರದ ಹೊಟ್ಟೆಯಲ್ಲಿ ತೂತುಗಳಿದ್ದು, ಅದರೊಳಗಿಂದ ಬುಟ್ಟಿಗಳು ಹೊರಗೆ ಬರುತ್ತಿದ್ದರೆ 1959 ಅಥವಾ ಆಮೇಲಿನದು. ಬುಟ್ಟಿಗಳು 1994ರವರೆಗೂ ಓಡಿದವು. ಹಾಗಾಗಿ ಅವುಗಳಿಂದ ‘ಇಷ್ಟರೊಳಗೆ’ ಅಂತ ಹೇಳೋಕೆ ಕಷ್ಟ.

ಆ ಕೊನೆಯ ಗಡಿಗೆ ಬೇರೆ ಸಾಕ್ಷಿ ಬೇಕು. ಪಾರ್ಕ್‌ನ ಒಂದು ಭಾಗವಾದ ಟುಮಾರೋಲ್ಯಾಂಡ್‌ನಲ್ಲಿ ಮೂನ್‌ಲೈನರ್ ಅನ್ನೋ ದೊಡ್ಡ ರಾಕೆಟ್ ನಿಂತಿತ್ತು. ಮೊದಲು ಅದರ ಮೈಮೇಲೆ ಟಿಡಬ್ಲ್ಯೂಎ ವಿಮಾನ ಕಂಪನಿಯ ಹೆಸರಿತ್ತು. 1960ರ ದಶಕದ ಶುರುವಿನಲ್ಲಿ ಡಗ್ಲಾಸ್ ಅಂತ ಬದಲಾಯಿತು. ಟುಮಾರೋಲ್ಯಾಂಡನ್ನೇ ಹೊಸದಾಗಿ ಕಟ್ಟಿ 1967ರಲ್ಲಿ ತೆರೆಯುವ ಹೊತ್ತಿಗೆ ರಾಕೆಟ್ ಮಾಯ. ಬೆಟ್ಟ, ಟಿಡಬ್ಲ್ಯೂಎ ಹೆಸರಿನ ರಾಕೆಟ್ ಎರಡೂ ಒಂದೇ ಫೋಟೋದಲ್ಲಿ ಸಿಕ್ಕರೆ ಅದೃಷ್ಟ. ಎರಡು ಮೂರು ವರ್ಷದೊಳಗೆ ಬಂದು ನಿಂತಿರಿ.

ಹಾಂಟೆಡ್ ಮ್ಯಾನ್ಶನ್ ಅನ್ನೋ ಭೂತ ಬಂಗಲೆ ಮಾತ್ರ ಸ್ವಲ್ಪ ತರಲೆ. ಅದರ ಹೊರಮೈ 1963ರಲ್ಲೇ ಮುಗಿದಿತ್ತು. ಜನರನ್ನು ಒಳಗೆ ಬಿಟ್ಟದ್ದು 1969ರಲ್ಲಿ. ಬಂಗಲೆ ಕಾಣುತ್ತಿದೆ ಅಂದ ಮಾತ್ರಕ್ಕೆ 1969ರ ನಂತರದ್ದು ಅಂದುಕೊಳ್ಳಬೇಡಿ.

ಮರಗಳನ್ನೂ ಗಮನಿಸಿ. ಶುರುವಿನ ಫೋಟೋಗಳಲ್ಲಿ ಅವು ಇನ್ನೂ ಗಿಡಗಳೇ. ಎಲ್ಲಿ ನಿಂತರೂ ಪಾರ್ಕ್‌ನ ಆ ತುದಿಯವರೆಗೆ ಬಯಲು.

ಬಣ್ಣ ನೋಡಿ ವಯಸ್ಸು ಹೇಳೋಕೆ ಮಾತ್ರ ಹೋಗಬೇಡಿ. ಕೊಡಾಕ್ರೋಮ್ ಅನ್ನೋ ಕಲರ್ ಫಿಲ್ಮ್‌ನ ಸ್ಲೈಡನ್ನು (ಚೌಕಟ್ಟಿನಲ್ಲಿ ಕೂರಿಸಿದ ಪಾರದರ್ಶಕ ಫಿಲ್ಮ್ ತುಣುಕನ್ನು) ಕತ್ತಲಲ್ಲಿಟ್ಟರೆ ದಶಕಗಳ ನಂತರವೂ ಕೆಂಪು ಕೆಂಪಾಗಿ, ನೀಲಿ ನೀಲಿಯಾಗಿ ಉಳಿಯುತ್ತದೆ. ಅದೇ ಕಾಲದ ಬೇರೆ ಎಷ್ಟೋ ಫಿಲ್ಮ್‌ಗಳು ಗುಲಾಬಿಗೆ ತಿರುಗಿವೆ. ಮಾಸಿದ್ದು ಜಾಸ್ತಿ ಹಳೆಯದು ಅನ್ನೋ ಲೆಕ್ಕ ಇಲ್ಲಿ ನಡೆಯೋದಿಲ್ಲ.

ಅಸಲಿ ಸ್ಲೈಡ್ ಕೈಗೆ ಸಿಕ್ಕರೆ ಅದರ ರಟ್ಟಿನ ಚೌಕಟ್ಟು ನೋಡಿ. ಕೆಲವದರ ಮೇಲೆ ತಿಂಗಳು, ವರ್ಷ ಒತ್ತಿರುತ್ತದೆ. ಅದು ಫಿಲ್ಮ್ ತೊಳೆದ ದಿನಾಂಕ ಅನ್ನೋದು ನೆನಪಿರಲಿ. ಅರ್ಧ ರೋಲ್ ಉಳಿದಿದೆ ಅಂತ ಕ್ಯಾಮೆರಾದಲ್ಲೇ ಬಿಟ್ಟು, ಮುಂದಿನ ಹಬ್ಬಕ್ಕೆ ಮುಗಿಸಿ ತೊಳೆಯೋಕೆ ಕೊಡುತ್ತಿದ್ದ ಮನೆಗಳು ಕಡಿಮೆಯೇನಲ್ಲ. ದಿನಾಂಕ ಜುಲೈ ಅಂತಿದ್ದು ಫೋಟೋದಲ್ಲಿ ಎಲ್ಲರೂ ಸ್ವೆಟರ್ ಹಾಕಿದ್ದರೆ ಹೀಗೇ ಆಗಿರಬಹುದು.

ಇನ್ನೊಂದು ತೊಂದರೆ: ಸ್ಲೈಡನ್ನು ತಿರುಗಾಮುರುಗಾ ಇಟ್ಟು ಸ್ಕ್ಯಾನ್ ಮಾಡೋದು. ಪಾರ್ಕ್‌ನ ಮುಖ್ಯ ಬೀದಿಯಿಂದ ಒಳಗಿನ ಕೋಟೆಯ ಕಡೆ ನೋಡಿದರೆ ಮ್ಯಾಟರ್‌ಹಾರ್ನ್ ಬಲಕ್ಕಿರಬೇಕು. ಎಡಕ್ಕಿದ್ದರೆ ಫೋಟೋವನ್ನು ಮೊದಲು ಸರಿಯಾಗಿ ತಿರುಗಿಸಿಕೊಂಡು, ಆಮೇಲೆ ವರ್ಷ ಹುಡುಕಿ.